ಸಾಲಗುಂದದ ಮಕ್ಕಳು ರಾಜಧಾನಿಗೆ ಹೋದದ್ದು

ಶಾಲಾಮಕ್ಕಳ ಪ್ರವಾಸವು ಬಸ್ಸು ಹೊರಡುವ ದಿನ ಆರಂಭವಾಗುವುದೆಂದು ತಿಳಿದವರು ಮಕ್ಕಳನ್ನು ಅರಿಯದವರು. ಅದು ಹದಿನೈದು ದಿನ ಮೊದಲೇ ಆರಂಭವಾಗಿರುತ್ತದೆ. ಅಪ್ಪನ ಅಂಗಿಯ ಜೇಬನ್ನೇ ನೋಡುತ್ತ ನಿಲ್ಲುವುದು, ಅವ್ವನ ಹಿಂದೆ ಹಿಂದೆ ಅಡಿಗೆಮನೆಯವರೆಗೂ ಹೋಗುವುದು, "ಎಲ್ಲಾರೂ ಹೊಂಟಾರ, ನಾ ಒಬ್ಬಾಕಿನೇ ಉಳಿದೀನಿ" ಎಂದು ಕಣ್ಣೊರಸಿಕೊಳ್ಳುವುದು, ಕೊನೆಗೆ ಹೆಸರು ಬರೆಸಿದ ದಿನ ಓಣಿಯಲ್ಲೆಲ್ಲ ಡಂಗುರ ಸಾರುವುದು, ಇವೆಲ್ಲವೂ ಪ್ರವಾಸದ ಭಾಗಗಳೇ.

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಸಾಲಗುಂದ ನನ್ನ ಊರು. 2018ರ ಡಿಸೆಂಬರಿನಲ್ಲಿ ಅಲ್ಲಿಯ ಶಾಲೆಯೊಂದರ ಮಕ್ಕಳು ಬೆಂಗಳೂರು, ಮೈಸೂರುಗಳನ್ನು ನೋಡಲು ಹೊರಟರು. ಮುಖ್ಯೋಪಾಧ್ಯಾಯರು ಒಂದು ಕಾಲಕ್ಕೆ ನನಗೂ ಪಾಠ ಹೇಳಿದವರು. ನಾನೀಗ ಕಾಲೇಜಿನಲ್ಲಿ ಕನ್ನಡ ಬೋಧಿಸುವವನಾದರೂ ಅವರ ದೃಷ್ಟಿಯಲ್ಲಿ ಇನ್ನೂ ಕಾಗುಣಿತ ತಪ್ಪುವ ಹುಡುಗನೇ. "ಶಾಸನ ಗೀಸನ ಅಂತ ಏನೇನೋ ಓದೀದಿ. ಮ್ಯೂಸಿಯಮ್ಮಿನಾಗ ಹುಡುಗರಿಗೆ ನಾಕು ಮಾತು ಹೇಳಾಕರೆ ಬಾರಪ್ಪ" ಎಂದರು. ಗುರುಗಳ ಮಾತು, ಇಲ್ಲವೆನ್ನಲು ಬಾಯಿ ಬರಲಿಲ್ಲ.

ನಲವತ್ತಾರು ಮಕ್ಕಳು, ನಾಲ್ವರು ಉಪಾಧ್ಯಾಯರು, ಒಬ್ಬ ಅಡಿಗೆಯವರು, ಮತ್ತು ನಾನು. ಹಣ ಹೊಂದಿಸಲಾಗದ ಐದಾರು ಮಕ್ಕಳ ಪಾಲನ್ನು ಉಪಾಧ್ಯಾಯರೇ ಹಂಚಿಕೊಂಡಿದ್ದರು. ಸರ್ಕಾರಿ ಶಾಲೆಯ ಮಕ್ಕಳಿಗಾಗಿ 'ಚಿಣ್ಣರ ಕರ್ನಾಟಕ ದರ್ಶನ'ದಂಥ ಯೋಜನೆಗಳು ನಡೆದುಬಂದಿವೆಯಾದರೂ ಊರಿನ ಮಕ್ಕಳೆಲ್ಲ ಅದರೊಳಗೆ ಹಿಡಿಸುವುದಿಲ್ಲ. ಉಳಿದದ್ದು ಉಪಾಧ್ಯಾಯರ ಜೇಬಿಗೆ ಬೀಳುವುದು ನಮ್ಮ ಕಡೆ ಹೊಸ ಸಂಗತಿಯಲ್ಲ.

ಬೆಳಗಿನ ನಾಲ್ಕು ಗಂಟೆಗೆ ಶಾಲೆಯ ಮುಂದೆ ಊರಿಗೆ ಊರೇ ಸೇರಿತ್ತು. ಆ ಗದ್ದಲದಲ್ಲಿ ರುಮಾಲು ಸುತ್ತಿದ ಒಬ್ಬ ಮುದುಕರು ಏಳನೆಯ ತರಗತಿಯ ಹುಡುಗನೊಬ್ಬನ ಕೈಯಲ್ಲಿ ಎರಡು ಗಂಟುಗಳನ್ನಿಟ್ಟರು. ಒಂದು ಅವನಿಗೆ. ಇನ್ನೊಂದರಲ್ಲಿ ಖಡಕ್ ರೊಟ್ಟಿ, ಶೇಂಗಾ ಪುಡಿ. ಅದು ಅವನ ಅವ್ವನಿಗೆ. ಅವನ ತಂದೆತಾಯಿಗಳು ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದರು. ತುಂಗಭದ್ರೆಯ ಎಡದಂಡೆ ಕಾಲುವೆ ಹರಿದು ಭತ್ತದ ನಾಡೆನಿಸಿಕೊಂಡ ಮೇಲೂ ನಮ್ಮ ಸೀಮೆಯಲ್ಲಿ ಗುಳೆ ಹೋಗುವುದು ನಿಂತಿಲ್ಲ. ಭೂಮಿಯಿಲ್ಲದವರಿಗೆ, ಕಾಲುವೆಯ ಕೊನೆಯಂಚಿನಲ್ಲಿ ಹೊಲವಿದ್ದವರಿಗೆ, ನೀರು ಬಂದರೂ ಒಂದೇ, ಬಾರದಿದ್ದರೂ ಒಂದೇ. ಹುಡುಗ ಊರಿನಲ್ಲಿ ತಾತನ ಸಂಗಡ ಉಳಿದು ಓದುತ್ತಿದ್ದ. ಅವ್ವನ ಮುಖ ನೋಡಿ ಏಳು ತಿಂಗಳಾಗಿತ್ತು.

"ಅವರವ್ವ ಐತವಾರ ಎಲ್ಲರೆ ಬಂದು ಭೇಟಿ ಆಗ್ತಾಳ್ರಿ ಸರ. ಫೋನ್ ಮಾಡೀನಿ. ಅಷ್ಟು ಒಂದು ಮಾಡ್ರಿ" ಎಂದು ಮುದುಕರು ಮುಖ್ಯೋಪಾಧ್ಯಾಯರ ಕೈ ಹಿಡಿದರು. ಬಳಿಕ ನನ್ನತ್ತ ತಿರುಗಿ, ಏನೋ ನೆನೆಸಿಕೊಂಡವರಂತೆ, "ನಮ್ಮ ಕಾಲಕ್ಕ ರಾಜಧಾನಿ ಅಂದ್ರ ಹೈದ್ರಾಬಾದ ಇತ್ತಪ್ಪ. ಈ ಹುಡುಗಂದು ಬೆಂಗಳೂರಾತು" ಎಂದು ನಕ್ಕರು.

ನಿಂತ ನೆಲದಲ್ಲಿಯೇ ಬದಲಾದ ರಾಜಧಾನಿ

ಮುದುಕರ ಆ ಒಂದು ಮಾತು ಗಂಗಾವತಿ ದಾಟುವವರೆಗೂ ನನ್ನನ್ನು ಬಿಡಲಿಲ್ಲ. ರಾಯಚೂರು ಜಿಲ್ಲೆ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಪೊಲೀಸ್ ಕಾರ್ಯಾಚರಣೆಯ ನಂತರ ಭಾರತದ ಹೈದರಾಬಾದ್ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ವಿಶಾಲ ಮೈಸೂರಿಗೆ ಸೇರಿತು. 1973ರ ನವೆಂಬರ್ 1ರಂದು ಆ ರಾಜ್ಯವೇ ಕರ್ನಾಟಕವೆನಿಸಿತು. ಸಾಲಗುಂದದ ರೈತನು ತನ್ನ ಹೊಲದ ಬದುವಿನಿಂದ ಒಂದು ಹೆಜ್ಜೆಯೂ ಕದಲಲಿಲ್ಲ. ರಾಜಧಾನಿ ಮಾತ್ರ ಬದಲಾಯಿತು. ಆ ಮುದುಕರು ಎಳೆಯ ವಯಸ್ಸಿನಲ್ಲಿ ಹೊಲದ ವ್ಯಾಜ್ಯವೊಂದರ ನಿಮಿತ್ತ ತಂದೆಯ ಬೆನ್ನು ಹತ್ತಿ ಹೈದರಾಬಾದಿಗೆ ಹೋಗಿದ್ದರಂತೆ. ಮೂಸಿಯ ದಂಡೆಯ ಹೈಕೋರ್ಟಿನ ಗುಮ್ಮಟ, ಚಾರ್‌ಮಿನಾರಿನ ಕೆಳಗೆ ಕುಡಿದ ಚಹಾ, ಇವೆರಡು ಅವರಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿವೆ. ವ್ಯಾಜ್ಯ ಏನಾಯಿತೆಂಬುದು ನೆನಪಿಲ್ಲ.

ನಮ್ಮ ತಾಲ್ಲೂಕಿನ ವಿಷಯವೇ ವಿಚಿತ್ರ. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿದ ರೈತರಿದ್ದಾರೆ. ಪೂರ್ವಬಂಗಾಳವನ್ನು ಬಿಟ್ಟು ಬಂದ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳೂ ಇವೆ. ಸಿಂಧನೂರಿನ ಒಂದು ತರಗತಿಯಲ್ಲಿ ಕುಳಿತ ಮಕ್ಕಳ ತಾತಂದಿರನ್ನು "ನಿಮ್ಮ ರಾಜಧಾನಿ ಯಾವುದು?" ಎಂದು ಕೇಳಿದರೆ ಮೂರುನಾಲ್ಕು ಉತ್ತರಗಳು ಬಂದಾವು. ಮಕ್ಕಳದು ಒಂದೇ ಉತ್ತರ. ಪಠ್ಯಪುಸ್ತಕದಲ್ಲಿ ಓದಿದ ಆ ಉತ್ತರವನ್ನು ಕಣ್ಣಿನಿಂದ ನೋಡಿಬರಲೆಂದೇ ಈ ಬಸ್ಸು ಹೊರಟಿತ್ತು.

ನಾನು ಹುಡುಗನಾಗಿದ್ದಾಗ ನಮ್ಮನ್ನು ಕರೆದೊಯ್ದದ್ದು ಹೈದರಾಬಾದಿಗೆ. ಹಳೆಯ ಋಣಾನುಬಂಧ ಅಷ್ಟು ಬೇಗ ಹರಿಯುವುದಿಲ್ಲ. ರಾಯಚೂರು ಜಿಲ್ಲೆಯ ಶಾಲೆಗಳಿಗೆ ಅದು ಹತ್ತಿರದ ಊರು ಕೂಡ. ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನು ನೋಡಿದೆವು. 1951ರ ಡಿಸೆಂಬರ್ 16ರಂದು ನೆಹರೂ ಉದ್ಘಾಟಿಸಿದ ಸಂಗ್ರಹ ಅದು. ಮೂಸಿಯ ದಂಡೆಯ ಕಟ್ಟಡಕ್ಕೆ ಬಂದದ್ದು 1968ರಲ್ಲಿ. ಮುಸುಕು ಹೊದ್ದ ರೆಬೆಕ್ಕಳ ಅಮೃತಶಿಲೆಯ ವಿಗ್ರಹವನ್ನು ನೋಡಲು ಪ್ರಪಂಚವೇ ಬರುತ್ತದೆಂದು ನಮ್ಮ ಉಪಾಧ್ಯಾಯರು ಹೇಳಿದ್ದು ನೆನಪಿದೆ, ವಿಗ್ರಹ ನೆನಪಿಲ್ಲ. ನೆನಪಿರುವುದು ಗಡಿಯಾರ. ಗಂಟೆಗೊಮ್ಮೆ ಗಡ್ಡದ ಪುಟ್ಟ ಗೊಂಬೆಯೊಂದು ಬಾಗಿಲು ತೆರೆದು ಹೊರಬಂದು ಗಂಟೆ ಬಾರಿಸುವುದನ್ನು ನೋಡಲು ನೂರಾರು ಜನರು ಕಾದು ಕುಳಿತಿದ್ದರು. ನಾವು ಹನ್ನೊಂದರ ಗಂಟೆ ನೋಡಿ, ಹನ್ನೆರಡರದನ್ನು ನೋಡದೆ ಕದಲುವುದಿಲ್ಲವೆಂದು ಹಟ ಹಿಡಿದೆವು. ಆದ್ದರಿಂದ ಮಕ್ಕಳು ಯಾವುದನ್ನು ನೋಡಬೇಕು, ಯಾವುದನ್ನು ನೆನಪಿಡಬೇಕು ಎಂದು ಅಪ್ಪಣೆ ಕೊಡುವ ಯೋಗ್ಯತೆ ನನಗಿಲ್ಲವೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ದಾರಿಯ ವಿವರ ಬೇಡ. ಚಿತ್ರದುರ್ಗದ ಕೋಟೆ ಹತ್ತಿದೆವು, ಮೂವರು ಮಕ್ಕಳಿಗೆ ವಾಂತಿಯಾಯಿತು, ದೀಪ ಹಚ್ಚುವ ಹೊತ್ತಿಗೆ ಬೆಂಗಳೂರು ಸೇರಿ ಒಂದು ಛತ್ರದಲ್ಲಿ ಉರುಳಿದೆವು. 2024ರ ಮಾರ್ಚಿನಲ್ಲಿ ಸಿಂಧನೂರಿಗೆ ರೈಲು ಬಂದಿದೆ. ಅಂದು ಬಸ್ಸೇ ಗತಿ.

ಕಲ್ಲು ಕಡಿದವರು ಯಾರು?

ಭಾನುವಾರ ಬೆಳಿಗ್ಗೆ ವಿಧಾನಸೌಧ. ಒಳಗೆ ಪ್ರವೇಶವಿರಲಿಲ್ಲ, ರಸ್ತೆಯ ಈಚೆಗೆ ಸಾಲಾಗಿ ನಿಂತು ನೋಡಿದೆವು. ಮುಖಮಂಟಪದ ಮೇಲೆ ಕೆತ್ತಿದ 'ಸರ್ಕಾರದ ಕೆಲಸ ದೇವರ ಕೆಲಸ' ಎಂಬ ಅಕ್ಷರಗಳನ್ನು ಮಕ್ಕಳೆಲ್ಲ ಒಟ್ಟಾಗಿ, ತರಗತಿಯಲ್ಲಿ ಮಗ್ಗಿ ಒಪ್ಪಿಸುವ ರಾಗದಲ್ಲಿ ಓದಿದರು. ದಾರಿಹೋಕರು ನಿಂತು ನೋಡಿದರು.

ಈ ಕಟ್ಟಡದ ಶಂಕುಸ್ಥಾಪನೆಯಾದದ್ದು 1951ರ ಜುಲೈ 13ರಂದು, ನೆಹರೂ ಅವರ ಹಸ್ತದಿಂದ. ಇದನ್ನು ಈ ರೂಪದಲ್ಲಿ ಕಟ್ಟಿಸಬೇಕೆಂದು ಪಟ್ಟುಹಿಡಿದವರು ಕೆಂಗಲ್ ಹನುಮಂತಯ್ಯನವರು, ವಾಸ್ತುಶಿಲ್ಪಿ ಬಿ. ಆರ್. ಮಾಣಿಕ್ಯಂ. ಉದ್ದ 700 ಅಡಿ, ಅಗಲ 350 ಅಡಿ. ಮುಗಿದದ್ದು 1956ರಲ್ಲಿ. ಶಂಕುಸ್ಥಾಪನೆಯ ದಿನ ಮೈಸೂರು ಒಂಬತ್ತು ಜಿಲ್ಲೆಗಳ ರಾಜ್ಯ, ನಾವು ಅದರಲ್ಲಿರಲಿಲ್ಲ. ಕಟ್ಟಡ ಮುಗಿದ ವರ್ಷವೇ ನಮ್ಮ ಜಿಲ್ಲೆ ಅದರ ಆಡಳಿತಕ್ಕೆ ಬಂತು. ಮನೆ ಕಟ್ಟುವಾಗ ಲೆಕ್ಕದಲ್ಲಿ ಇಲ್ಲದ ದಾಯಾದಿಗಳು ಗೃಹಪ್ರವೇಶದ ಊಟಕ್ಕೆ ಸರಿಯಾಗಿ ಬಂದು ಸೇರಿದಂತಾಯಿತು. ಊಟದ ಎಲೆ ನಮ್ಮವರೆಗೆ ಬಂದಿತೇ, ಎಷ್ಟು ತಡವಾಗಿ ಬಂದಿತು ಎಂಬುದು ಬೇರೆ ಕಥೆ. ಸಂವಿಧಾನಕ್ಕೆ 98ನೆಯ ತಿದ್ದುಪಡಿಯಾಗಿ 371(ಜೆ) ವಿಧಿ ನಮ್ಮ ಭಾಗಕ್ಕೆ ದೊರೆಯಬೇಕಾದರೆ 2012 ಮುಗಿಯಬೇಕಾಯಿತು.

ನಾನು ಈ ಇಸವಿಗಳನ್ನೆಲ್ಲ ಹೇಳುತ್ತಿದ್ದಾಗ ಗಂಟು ಹಿಡಿದ ಆ ಹುಡುಗ ಕಂಬಗಳನ್ನೇ ನೋಡುತ್ತಿದ್ದ. ಗಂಟನ್ನು ಅವನು ಬಸ್ಸಿನಲ್ಲಿಯೂ ಬಿಟ್ಟಿರಲಿಲ್ಲ.

"ಸರ, ಇದಕ್ಕ ಸೆಂಟ್ರಿಂಗ್ ಹೊಡದಿಲ್ಲ, ಎಲ್ಲಾ ಕಲ್ಲ ಐತಿ. ಇಷ್ಟು ಕಲ್ಲು ಯಾರು ಕಡದ್ರಿ?"

ನನಗೆ ಸಂತೋಷವಾಯಿತು. ಕಟ್ಟಿಸಿದವರ ಹೆಸರು ಹೇಳಿದ್ದೆ. ಕಟ್ಟಿದವರ ಮಾತು ಎತ್ತಿರಲಿಲ್ಲ. ಸುಮಾರು 5000 ಮಂದಿ ಕೆಲಸಗಾರರು, ಅವರ ಜೊತೆಗೆ ಒಂದೂವರೆ ಸಾವಿರದಷ್ಟು ಕಲ್ಲುಕುಟಿಗರು, ಬಡಗಿಗಳು ದುಡಿದರೆಂದೂ, ಅವರಲ್ಲಿ ಸೆರೆಮನೆಯಿಂದ ಕರೆತಂದ ಕೈದಿಗಳೂ ಇದ್ದರೆಂದೂ ಹೇಳಿದೆ. ಬೆಂಗಳೂರು ಸುತ್ತಣ ಬೂದುಗಲ್ಲು, ಮಾಗಡಿಯ ನಸುಗೆಂಪು ಕಲ್ಲು, ತುರುವೇಕೆರೆಯ ಕಪ್ಪು ಕಲ್ಲು ಎಂದು ತೋರಿಸಿದೆ.

"ಅವರ ಹೆಸರು ಎಲ್ಲಿ ಬರದಾರ್ರಿ?"

"ಬರೆದಿಲ್ಲಪ್ಪ" ಎಂದೆ.

ಅವನು ತಲೆಯಾಡಿಸಿದ. ಅದರಲ್ಲಿ ಆಶ್ಚರ್ಯವಾಗಲಿ ಆಕ್ಷೇಪವಾಗಲಿ ಇರಲಿಲ್ಲ. ಗೊತ್ತಿದ್ದುದನ್ನೇ ಇನ್ನೊಮ್ಮೆ ಕೇಳಿದಂತೆ ಇತ್ತು. ಬೇಸಗೆಯ ರಜೆಗಳನ್ನು ಅವನು ಬೆಂಗಳೂರಿನಲ್ಲಿ, ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಕಳೆದಿದ್ದನೆಂದು ಆಮೇಲೆ ತಿಳಿಯಿತು. ಬಸ್ಸಿನಲ್ಲಿದ್ದವರಲ್ಲಿ ರಾಜಧಾನಿಯನ್ನು ಎಲ್ಲರಿಗಿಂತ ಹೆಚ್ಚು ಕಂಡವನು ಅವನೇ. ಆದರೆ ವಿಧಾನಸೌಧವನ್ನು ಅಂದೇ ಮೊದಲು ನೋಡಿದ್ದು.

ಕಾಳಿ ಎಂಬ ನಾಯಿ

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ನಾಡಿನ ಹಳೆಯ ಸಂಗ್ರಹಾಲಯಗಳಲ್ಲೊಂದು. 1865ರಲ್ಲಿ, ಬೌರಿಂಗರು ಮೈಸೂರಿನ ಕಮಿಷನರಾಗಿದ್ದಾಗ ಸ್ಥಾಪನೆಯಾದದ್ದು. ಅದರ ಕೆಂಪು ಕಟ್ಟಡದೊಳಗೆ ಕಾಲಿಡುತ್ತಲೇ ಮಕ್ಕಳ ಉತ್ಸಾಹ ಸ್ವಲ್ಪ ಇಳಿಯಿತು. ಮುರಿದ ಮೂಗಿನ ವಿಗ್ರಹಗಳು, ಬೂದುಬಣ್ಣದ ಕಲ್ಲುಗಳು. "ಇಂಥವು ನಮ್ಮ ಊರಿನ ಗುಡಿ ಹಿಂದ ಬಿದ್ದಾವ" ಎಂದು ಒಬ್ಬ ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ಸುಳ್ಳೇನೂ ಅಲ್ಲ.

ನಾನು ನೇರವಾಗಿ ಆತಕೂರಿನ ಕಲ್ಲಿನ ಮುಂದೆ ಕರೆದುಕೊಂಡು ಹೋದೆ. ಎಂ. ಎ. ತರಗತಿಯಲ್ಲಿ ಪರೀಕ್ಷೆಗಾಗಿ ಓದಿದ ಶಾಸನ. ಎಷ್ಟು ಸಲ ನೋಡಿದರೂ ನನಗೆ ತೃಪ್ತಿಯಿಲ್ಲ. ಮೇಲೆ ಒಂದು ನಾಯಿ, ಒಂದು ಹಂದಿ ಸೆಣಸುವ ಚಿತ್ರ. ಸುತ್ತಲೂ ಹಳಗನ್ನಡದ ಅಕ್ಷರ. ಕಾಲ ಕ್ರಿ. ಶ. 949–50. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಚೋಳರೂ ತಕ್ಕೋಲದಲ್ಲಿ ಕಾದಿದರು. ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗನಿದ್ದ. ಚೋಳರಾಜಕುಮಾರ ರಾಜಾದಿತ್ಯ ಆ ಯುದ್ಧದಲ್ಲಿ ಮಡಿದ. ಬೂತುಗನ ಸೇವಕ ಮಣಲೇರ ಮಹಾಪರಾಕ್ರಮ ತೋರಿದ. ಮೆಚ್ಚಿದ ಒಡೆಯ, ಏನು ಬೇಕೋ ಕೇಳೆಂದ.

ಇಲ್ಲಿ ನಾನು ಕಥೆ ನಿಲ್ಲಿಸಿ ಮಕ್ಕಳನ್ನೇ ಕೇಳಿದೆ: "ನೀವಾಗಿದ್ದರೆ ಏನು ಕೇಳುತ್ತಿದ್ದಿರಿ?" ಹೊಲ ಎಂದರು, ಬಂಗಾರ ಎಂದರು, ಒಬ್ಬ ಟ್ರ್ಯಾಕ್ಟರು ಎಂದ.

ಮಣಲೇರ ಕೇಳಿದ್ದು ಒಡೆಯನ ನಾಯಿಯನ್ನು. ಅದರ ಹೆಸರು ಕಾಳಿ. ಆ ನಾಯಿಯನ್ನು ಬೆಳತೂರಿನ ಪಡುವಣ ದಿಬ್ಬದಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಒಂದನ್ನೊಂದು ಕೊಂದು ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಈ ಕಲ್ಲು ನಿಲ್ಲಿಸಿ, ಭೂಮಿ ಬಿಡಿಸಿ, ಪೂಜೆಗೆ ಏರ್ಪಾಡು ಮಾಡಿದ. ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ಆ ನಾಯಿಯ ಪಾಪ ತಟ್ಟುವುದೆಂದೂ ಬರೆಸಿದ.

ಆಗ ಮಕ್ಕಳು ಕಲ್ಲಿನ ಮುಂದೆ ಸರಿದು ಬಂದರು. ಒಂದು ಸಾವಿರ ವರ್ಷಕ್ಕೂ ಮಿಗಿಲಾಗಿ ಹೆಸರು ಉಳಿಸಿಕೊಂಡ ನಾಯಿ! ಅಕ್ಷರಗಳಲ್ಲಿ ತಮಗೆ ಗುರುತಾದವನ್ನು ಹುಡುಕಿದರು. ಒಬ್ಬಳು ಹಳೆಯ ಒಂದು ಅಕ್ಷರ ಹಿಡಿದು ಇದು 'ಗ' ಎಂದಳು. ಹೌದು, ಅದು 'ಗ'ಕಾರವೇ. ನನ್ನ ಎಂ. ಎ. ವಿದ್ಯಾರ್ಥಿಗಳಲ್ಲಿ ಕೆಲವರು ಅಷ್ಟು ಬೇಗ ಗುರುತಿಸಿಲ್ಲ. ಗಂಟಿನ ಹುಡುಗ ಮಾತ್ರ, "ನಾಯಿ ಹೆಸರು ಬರದಾರ ನೋಡ" ಎಂದು ಪಕ್ಕದವನಿಗೆ ಮೆಲ್ಲಗೆ ಹೇಳಿದ.

ಬಳಿಕ ಬೇಗೂರಿನ ವೀರಗಲ್ಲನ್ನು ತೋರಿಸಿದೆ. ಆನೆ, ಕುದುರೆ, ಬಿಲ್ಲಾಳುಗಳು ಕಿಕ್ಕಿರಿದ ತುಂಬೇಪಾಡಿಯ ಕಾಳಗ. ನಾಗತ್ತರನು ಮಡಿದ ಕಥೆ. ಅದೇ ಬೇಗೂರಿನಲ್ಲಿ ಉಳಿದಿರುವ ಇನ್ನೊಂದು ಕಲ್ಲಿನಲ್ಲಿ 'ಬೆಂಗಳೂರು' ಎಂಬ ಹೆಸರು ಒಂಬತ್ತನೆಯ ಶತಮಾನದ ಕೊನೆಗೇ ಕಾಣಿಸಿಕೊಂಡಿರುವುದನ್ನೂ, ಆದ್ದರಿಂದ ಬೆಂದಕಾಳಿನ ಕಥೆ ಕೇಳಲು ಚೆನ್ನವೇ ಹೊರತು ನಂಬಲು ಅಲ್ಲವೆಂಬುದನ್ನೂ ವಿವರಿಸುತ್ತಿದ್ದೆ. ನನಗೆ ಹುರುಪು ಏರಿತ್ತು. ಅಷ್ಟರಲ್ಲಿ ಆ 'ಗ'ಕಾರದ ಹುಡುಗಿ ಕೈ ಎತ್ತಿದಳು.

"ಸರ, ಆ ನಾಯಿ ಕಲ್ಲು ಮಂಡ್ಯದ ಕಡೀದು. ಇದು ಬೆಂಗಳೂರಿಂದು. ನಮ್ಮ ಕಡೀದು ಎಲ್ಲೈತ್ರಿ?"

ನಾನು ಸುತ್ತಲೂ ನೋಡಿದೆ. ನಮಗಿದ್ದ ಆ ಅರ್ಧ ಗಂಟೆಯಲ್ಲಿ ಅವಳ ಕೈ ಹಿಡಿದು, "ಇಗೋ, ಇದು ನಮ್ಮದು" ಎಂದು ತೋರಿಸಬಲ್ಲ ಒಂದು ವಸ್ತುವೂ ನನ್ನ ಕಣ್ಣಿಗೆ ಬೀಳಲಿಲ್ಲ. ಶಾಸನ ಓದಿದವನೆಂದು ಕರೆತಂದಿದ್ದರು, ನಾಚಿಕೆಯಾಯಿತು.

ನಮ್ಮ ಕಡೆಯದು ಇಲ್ಲವೆಂದಲ್ಲ, ರಾಜಧಾನಿಗಳ ಪಾಲಾಗಿದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಲಿಂಗಸುಗೂರು, ಮಸ್ಕಿಗಳ ಸುತ್ತ ಅಲೆದು ಆದಿಮಾನವರ ಕುರುಹುಗಳನ್ನು ಹೆಕ್ಕಿದ. ಅವನ ಸಂಗ್ರಹವನ್ನು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯ ಕೊಂಡಿತು. ಮಸ್ಕಿಯಲ್ಲಿ ನಿಜಾಮರ ಪ್ರಾಕ್ತನ ಇಲಾಖೆ ಅಗೆಯಿತು, 1954ರಲ್ಲಿ ಬಿ. ಕೆ. ಥಾಪರ್ ಅವರ ನೇತೃತ್ವದಲ್ಲಿ ಕೇಂದ್ರದ ಪುರಾತತ್ತ್ವ ಇಲಾಖೆ ಅಗೆಯಿತು. ಅಗೆದವರೆಲ್ಲ ಆಯಾ ಕಾಲದ ರಾಜಧಾನಿಗಳಿಂದ ಬಂದವರು. ಸಾಲಗುಂದದ ಮಗು ತನ್ನ ನೆಲದ ಹಳೆಯ ಮಡಕೆಯ ಚೂರು ನೋಡಬೇಕಾದರೆ ಯಾವ ಊರಿನ ಬಸ್ಸು ಹತ್ತಬೇಕೆಂದು ನಾನೇ ಯೋಚಿಸಬೇಕಾಯಿತು.

"ನಮ್ಮದನ್ನು ಊರಿಗೆ ಹೋದ ಮೇಲೆ ತೋರಿಸುತ್ತೇನೆ" ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.

ಉಳಿದದ್ದು

ಪಕ್ಕದಲ್ಲಿಯೇ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಇಲ್ಲಿ ಯಾರಿಗೂ ಏನನ್ನೂ ವಿವರಿಸಬೇಕಾಗಲಿಲ್ಲ. ಬಾಯಿ ತೆರೆದು ನಿಂತ ದೈತ್ಯ ಡೈನೋಸಾರ್, ರೈಟ್ ಸಹೋದರರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿ, ತಿರುಗಿಸಿದರೆ ತಿರುಗುವ, ಒತ್ತಿದರೆ ಉರಿಯುವ ನೂರಾರು ಸಲಕರಣೆಗಳು, ಮಕ್ಕಳು ಹಂಚಿಹೋದರು. ಶಾಸನದ ಮುಂದೆ ಅರ್ಧ ಗಂಟೆ ನಿಲ್ಲಲಾರದವರು ಇಲ್ಲಿ ಎರಡು ಗಂಟೆ ಕಳೆದರೂ ಹೊರಡಲೊಲ್ಲರು. ನನಗೆ ತುಸು ಮತ್ಸರವೇ ಆಯಿತೆನ್ನಬೇಕು. ಸರ್ ಎಂ. ವಿ. ತೀರಿಕೊಂಡದ್ದು 1962ರ ಏಪ್ರಿಲಿನಲ್ಲಿ, ನೂರು ದಾಟಿ. ಅದೇ ಜುಲೈ 14ರಂದು ಈ ಕಟ್ಟಡವನ್ನು ನೆಹರೂ ಉದ್ಘಾಟಿಸಿದರು. 1908ರಲ್ಲಿ ಮೂಸಿ ಉಕ್ಕಿ ಹೈದರಾಬಾದನ್ನು ಕೊಚ್ಚಿದ ಮೇಲೆ ಆ ನಗರದ ಪ್ರವಾಹರಕ್ಷಣೆಗೆ ಯೋಜನೆ ಹಾಕಿಕೊಟ್ಟವರೂ ಅವರೇ. ತಾತನ ರಾಜಧಾನಿಗೂ ಮೊಮ್ಮಗನ ರಾಜಧಾನಿಗೂ ಸಂದ ಒಬ್ಬ ಎಂಜಿನಿಯರು!

ಕಬ್ಬನ್ ಉದ್ಯಾನದ ವಿಗ್ರಹಗಳನ್ನು ಬಸ್ಸಿನಿಂದಲೇ ನೋಡಿದೆವು. ಬೆಂಗಳೂರಿನಲ್ಲಿ ಸ್ಮಾರಕಗಳಿಗೂ ಆಯುಸ್ಸಿನ ಭರವಸೆಯಿಲ್ಲ. 1791ರ ಮೈಸೂರು ಯುದ್ಧದಲ್ಲಿ ಸತ್ತ ಇಂಗ್ಲಿಷರಿಗಾಗಿ ಹಡ್ಸನ್ ವೃತ್ತದ ಹತ್ತಿರ ನಿಲ್ಲಿಸಿದ್ದ ಸ್ತಂಭವನ್ನು 1964ರ ಅಕ್ಟೋಬರಿನಲ್ಲಿ ಕೆಡವಿಹಾಕಿದರು. ಗೆದ್ದವರು ನಿಲ್ಲಿಸಿದ್ದು, ಗೆದ್ದವರು ಹೋದ ಮೇಲೆ ಉರುಳಿತು. ಕಾಳಿ ನಾಯಿಯ ಕಲ್ಲಿಗೆ ಯಾರೂ ಕೈ ಹಚ್ಚಲಿಲ್ಲ.

ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು ಹತ್ತಿದೆವು. ಅದು ಮುನ್ನೂರು ಕೋಟಿ ವರ್ಷಗಳ ಹಳೆಯ ಶಿಲೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಫಲಕವಿದೆ. ಬೆಂಗಳೂರಿನವರು ಅದರ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಬಂಡೆಗಳ ನಾಡಿನ ನಮ್ಮ ಮಕ್ಕಳಿಗೆ ಅದು ಒಂದು ಬಂಡೆ, ಅಷ್ಟೇ. ಅವರು ಹಿಡಿದದ್ದು ಜಾರುಬಂಡೆಯ ದಾರಿ.

ಲಾಲ್‌ಬಾಗಿನ ಬಾಗಿಲಲ್ಲಿ

ಹುಡುಗನ ಅವ್ವ ಐದು ಗಂಟೆಗೆ ಲಾಲ್‌ಬಾಗಿನ ಬಾಗಿಲಿಗೆ ಬರುವುದೆಂದು ನಿಶ್ಚಯವಾಗಿತ್ತು. ಐದೂವರೆಯಾಯಿತು. ಆರಾಯಿತು. ಫೋನು ಹತ್ತಲಿಲ್ಲ. ರಾತ್ರಿಯ ಊಟ, ನಿದ್ರೆ ಮೈಸೂರಿನಲ್ಲಿ. ಅಲ್ಲಿಯ ಛತ್ರದವರು ಒಂಬತ್ತೂವರೆಗೆ ಬಾಗಿಲು ಹಾಕುವವರು. ಚಾಲಕರು ಎರಡು ಸಲ ಬಂದು ಗಡಿಯಾರ ತೋರಿಸಿದರು. ಚಿಕ್ಕ ಮಕ್ಕಳು ಹಸಿವೆಂದರು. ಉಪಾಧ್ಯಾಯರೊಬ್ಬರು ತಗ್ಗಿದ ದನಿಯಲ್ಲಿ, "ಒಬ್ಬನ ಸಲುವಾಗಿ ನಲವತ್ತೈದು ಮಂದೀನ ಕೂಡಿಸೋದು ಸರಿ ಅಲ್ಲ" ಎಂದರು. ಆ ಮಾತಿನಲ್ಲಿ ತಪ್ಪಿರಲಿಲ್ಲ. ಹುಡುಗ ಫುಟ್‌ಪಾತಿನ ಮೇಲೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಯಾರ ಕಡೆಗೂ ನೋಡಲಿಲ್ಲ.

ಮುಖ್ಯೋಪಾಧ್ಯಾಯರು ಬಹಳ ಹೊತ್ತು ಏನೂ ಹೇಳಲಿಲ್ಲ. ಬಳಿಕ ಮೈಸೂರಿನ ಛತ್ರಕ್ಕೆ ಫೋನು ಮಾಡಿ ಅಲ್ಲಿಯವರೊಡನೆ ಬೇಡಿಕೊಳ್ಳುವ ದನಿಯಲ್ಲಿ ಮಾತನಾಡಿದರು. ಮಕ್ಕಳಿಗೆ ಮಂಡಕ್ಕಿ ಹಂಚಿಸಿದರು. "ಏಳರತನಕ ನೋಡೋಣ" ಎಂದರು.

ಏಳಕ್ಕೆ ಹತ್ತು ನಿಮಿಷವಿರುವಾಗ ಆಕೆ ಬಂದಳು. ಸೊಂಟದಲ್ಲೊಂದು ಮಗು, ಸೀರೆಯ ಅಂಚಿಗೆ ಒಣಗಿದ ಸಿಮೆಂಟು. ಮೂರು ಬಸ್ಸು ಬದಲಾಯಿಸಿ ಬಂದಿದ್ದಳು. "ಹೊತ್ತಾತ್ರಿ ಸರ. ಐತವಾರನೂ ಸ್ಲ್ಯಾಬ್ ಹಾಕಾಕ ಹಚ್ಚಿದ್ರು. ಮೇಸ್ತ್ರಿ ಬಿಡಲಿಲ್ಲ" ಎಂದು ಕೈಮುಗಿದಳು. ಮಗನನ್ನು ಅಪ್ಪಿಕೊಳ್ಳಲಿಲ್ಲ, ಅವನ ತಲೆಯನ್ನು, ಕಿವಿಯನ್ನು, ಭುಜವನ್ನು ಮುಟ್ಟಿ ಮುಟ್ಟಿ ನೋಡಿ, "ತೆಳ್ಳಗಾಗೀದೀಯಪ್ಪಾ" ಎಂದಳು. ಅವನು ಗಂಟು ಕೊಟ್ಟ.

ಮುಖ್ಯೋಪಾಧ್ಯಾಯರು ಕೇಳಿದರು: "ಬೆಂಗಳೂರಾಗ ಎಷ್ಟು ವರ್ಷ ಆತವ್ವ?"

"ಆರು ವರ್ಷಾತ್ರಿ."

"ವಿಧಾನಸೌಧ ನೋಡೀಯೇನು?"

ಆಕೆ ನಕ್ಕಳು. ತಾವು ಇರುವುದು ಊರ ಹೊರಗೆ, ಕೆಲಸದ ಕಡೆಗೇ ಶೆಡ್ಡು. ಅಷ್ಟು ದೂರ ಯಾರು ಹೋಗುತ್ತಾರೆ ಎಂದಳು.

"ಹತ್ತು, ಬಸ್ಸು ಹತ್ತು" ಎಂದರು ಮುಖ್ಯೋಪಾಧ್ಯಾಯರು. ಚಾಲಕರು ಹಣೆ ಚಚ್ಚಿಕೊಂಡರು. ಮೈಸೂರಿನ ದಾರಿ ಒಂದು ದಿಕ್ಕು, ವಿಧಾನಸೌಧ ಇನ್ನೊಂದು ದಿಕ್ಕು.

ಭಾನುವಾರದ ಸಂಜೆ ವಿಧಾನಸೌಧಕ್ಕೆ ದೀಪಾಲಂಕಾರವಿರುತ್ತದೆಂಬುದು ನಮಗೆ ಯಾರಿಗೂ ನೆನಪಿರಲಿಲ್ಲ. ರಸ್ತೆ ತಿರುಗುತ್ತಲೇ ಇಡೀ ಸೌಧ ಹೊನ್ನಿನ ಬಣ್ಣದಲ್ಲಿ ಎದ್ದು ನಿಂತಿತು. ಬೆಳಿಗ್ಗೆ ನೋಡಿದ್ದ ಮಕ್ಕಳೇ ಹೋ ಎಂದು ಕೂಗಿದರು. ಬಸ್ಸನ್ನು ಅಲ್ಲಿ ಹೆಚ್ಚು ಹೊತ್ತು ನಿಲ್ಲಿಸಗೊಡುವುದಿಲ್ಲ; ಎರಡು ಸುತ್ತು ಹಾಕಿದೆವು. ಹುಡುಗ ಕಿಟಕಿಯ ಪಕ್ಕದಲ್ಲಿ ಅವ್ವನನ್ನು ಕೂರಿಸಿ, ನಾನು ಬೆಳಿಗ್ಗೆ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸುತ್ತಿದ್ದ: ಏಳುನೂರು ಅಡಿ, ಮಾಗಡಿ ಕಲ್ಲು, ತುರುವೇಕೆರೆ ಕಲ್ಲು, ಜೈಲಿನ ಮಂದಿ. ನಡುವೆ ಕಾಳಿ ನಾಯಿಯೂ ಬಂತು. ಆಕೆ ಕಂಬಗಳ ಸಾಲನ್ನು ನೋಡುತ್ತ, "ಇದನ್ನ ಹೆಂಗ ಎತ್ತಿ ಇಟ್ರೋ ಯಪ್ಪಾ" ಎಂದಳು. ಅವಳು ನೋಡಿದ ಬಗೆಯಲ್ಲಿ ನಾವು ಐವತ್ತು ಮಂದಿಯಲ್ಲಿ ಒಬ್ಬರೂ ನೋಡಿರಲಿಲ್ಲ. ಭಾರ ಹೊತ್ತವರಿಗೆ ಭಾರ ಕಾಣುತ್ತದೆ.

ಮೆಜೆಸ್ಟಿಕ್ಕಿನಲ್ಲಿ ಅವಳನ್ನು ಇಳಿಸಿದೆವು. ಮೈಸೂರು ಸೇರಿದಾಗ ರಾತ್ರಿ ಹನ್ನೊಂದೂವರೆ. ಛತ್ರದವರು ಬೈದರು, ಆದರೆ ಬಾಗಿಲು ತೆರೆದರು.

ಮಸ್ಕಿಯ ಬಂಡೆ

ಆ ಹುಡುಗಿಗೆ ಕೊಟ್ಟ ಮಾತು ಉಳಿದಿತ್ತು. ಜನವರಿಯ ಒಂದು ಶನಿವಾರ ಮುಖ್ಯೋಪಾಧ್ಯಾಯರು ಅದೇ ತರಗತಿಯನ್ನು ಮಸ್ಕಿಗೆ ಹೊರಡಿಸಿದರು. ಬಸ್ಸಿನಲ್ಲಿ ತಾಸಿನ ದಾರಿ. ಅವರಲ್ಲಿ ಹೆಚ್ಚಿನವರು ಸಂತೆಗೋ ಜಾತ್ರೆಗೋ ಮಸ್ಕಿಗೆ ಹೋಗಿದ್ದವರೇ. ಬಂಡೆಯನ್ನು ನೋಡಿದವರು ಮೂವರು.

1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಇಲ್ಲಿ ಬಂಗಾರದ ನಿಕ್ಷೇಪ ಹುಡುಕುತ್ತ ಬಂದು ಬಂಡೆಯ ಮೇಲೆ ಅಕ್ಷರ ಕಂಡ. ಹಟ್ಟಿಯ ಚಿನ್ನದ ಗಣಿ ಇಲ್ಲಿಂದ ದೂರವಿಲ್ಲ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ, ಎಂಟು ಸಾಲು. ಅಲ್ಲಿಯವರೆಗೆ ದೊರೆತ ಶಾಸನಗಳಲ್ಲೆಲ್ಲ 'ದೇವಾನಂಪ್ರಿಯ' ಎಂಬ ಬಿರುದಿತ್ತೇ ಹೊರತು ಅರಸನ ಹೆಸರಿರಲಿಲ್ಲ. ಇಲ್ಲಿ ಬಿರುದಿನ ಪಕ್ಕದಲ್ಲಿ 'ಅಸೋಕ' ಎಂದಿತ್ತು. ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಊಹಿಸಿಕೊಂಡದ್ದಕ್ಕೆ ಸಾಕ್ಷ್ಯ ಸಿಕ್ಕಿತು. ಗುಜರ್ರಾ, ನಿಟ್ಟೂರು, ಉದೆಗೊಳಗಳಲ್ಲಿ ಅದೇ ಹೆಸರು ದೊರೆತದ್ದು ಆಮೇಲೆ.

ಇದು ಯಾವ ರಾಜಧಾನಿಗೂ ಹೋಗಲಿಲ್ಲ. ಹೊತ್ತೊಯ್ಯಲು ಅಳವಿಲ್ಲದ ಬಂಡೆ; ಇದ್ದಲ್ಲಿಯೇ ಇದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ರಾಜಧಾನಿಯ ಮಾತೇ ಪಾಟಲಿಪುತ್ರದಿಂದ ನಡೆದು ನಮ್ಮ ಬಂಡೆಯವರೆಗೆ ಬಂದಿತ್ತು. ಅದರ ಅಭಿಪ್ರಾಯವನ್ನು ಮಕ್ಕಳಿಗೆ ಸರಳವಾಗಿ ಹೇಳಿದೆ: ಧರ್ಮದಲ್ಲಿ ನಡೆಯುವ ಚಿಕ್ಕವನಿಗೂ ಈ ಫಲ ದೊರೆಯುತ್ತದೆ, ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು, ಇದನ್ನು ಚಿಕ್ಕವರಿಗೂ ದೊಡ್ಡವರಿಗೂ ತಿಳಿಸಬೇಕು.

'ಗ'ಕಾರದ ಹುಡುಗಿ ಬಂಡೆಯನ್ನು ಬಹಳ ಹೊತ್ತು ನೋಡಿ, "ಇದನ್ನ ನೋಡಾಕ ಬೆಂಗಳೂರಿನ ಹುಡುಗರು ಬರ್ತಾರೇನ್ರಿ?" ಎಂದಳು. ಬರಬೇಕು ಎಂದೆ.

ಅವಳ ಹಿಂದಿನಿಂದ ಆ ಹುಡುಗ ಕೇಳಿದ: "ಇದನ್ನ ಕಡದವರ ಹೆಸರರೆ ಐತೇನ್ರಿ ಸರ?"

ಈ ಸಲ ನನ್ನಲ್ಲಿ ಉತ್ತರವಿತ್ತು. ಇಲ್ಲಿ ಇಲ್ಲ, ಆದರೆ ಇದೇ ಶಾಸನದ ಪಾಠವಿರುವ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರದ ಬಂಡೆಗಳಲ್ಲಿ ಬರೆದವನ ಹೆಸರಿದೆ. ಅವನು ಚಪಡ. ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ಖರೋಷ್ಠಿಯಲ್ಲಿ, ವಾಯವ್ಯದ ಗಾಂಧಾರದ ಕಡೆಯ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಎಲ್ಲಿಂದಲೋ ಕೆಲಸಕ್ಕೆ ಬಂದವನು.

"ಗುಳೆ ಬಂದಿದ್ದನೇನ್ರಿ?" ಎಂದ ಹುಡುಗ.

ಎಲ್ಲರೂ ನಕ್ಕರು, ಅವನೂ ನಕ್ಕ. ಮುಖ್ಯೋಪಾಧ್ಯಾಯರು ಮಾತ್ರ ಜೇಬಿನಿಂದ ಕಿರುಪುಸ್ತಕ ತೆಗೆದು, ಬ್ರಹ್ಮಗಿರಿ ಯಾವ ತಾಲ್ಲೂಕು ಎಂದು ಕೇಳಿದರು. ಮೊಳಕಾಲ್ಮೂರು, ಚಿತ್ರದುರ್ಗ ಜಿಲ್ಲೆ ಎಂದೆ. ಬೆಂಗಳೂರಿನ ದಾರಿಗೆ ಎಷ್ಟು ಸುತ್ತಾಗುತ್ತದೆಂದು ವಿಚಾರಿಸಿ, ಮುಂದಿನ ವರ್ಷದ ಪ್ರವಾಸದ ಹಾಳೆಯಲ್ಲಿ ಬರೆದುಕೊಂಡರು.